ರಾಕ್ ಸಂಗೀತದಿಂದ ಕ್ರಿಸ್ತಗೀತೆಗೆ

ರಾಕ್ ಸಂಗೀತದಲ್ಲಿ ಹೆಸರು ಮಾಡಿದ ಹಾಡುಗಾರರು ಬದುಕಿನ ಒಂದು ಘಟ್ಟದಲ್ಲಿ ಯೇಸುಕ್ರಿಸ್ತನ ಕಡೆಗೆ ಹೊರಳಿ, ಆ ನಂಬಿಕೆಯನ್ನೇ ಹಾಡಿನ ವಸ್ತು ಮಾಡಿಕೊಂಡ ಪ್ರಸಂಗಗಳು 1950ರ ದಶಕದಿಂದಲೂ ಸಿಗುತ್ತವೆ. ಅವುಗಳಲ್ಲಿ ಅತಿ ಹೆಚ್ಚು ಜಗಳಕ್ಕೆ, ಅತಿ ಹೆಚ್ಚು ಧ್ಯಾನಕ್ಕೆ ಎಡೆಮಾಡಿದ್ದು ಬಾಬ್ ಡಿಲನ್ 1979ರಿಂದ 1981ರವರೆಗೆ ಕಟ್ಟಿದ ಹಾಡುಗಳು. ಅಮೆರಿಕದ ಈ ಕಥೆಯನ್ನು ಕನ್ನಡದಲ್ಲಿ ಹೇಳಹೊರಟವರು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಿಂದ ಹೊರಡುವುದು ಒಳ್ಳೆಯದು. ಕ್ರೈಸ್ತ ಪ್ರಾರ್ಥನೆಯೊಂದು ಮತದ ಗಡಿ ದಾಟಿ ಇಡೀ ನಾಡಿನ ಹಾಡಾಗುವುದು ಹೇಗೆ ಎಂಬುದಕ್ಕೆ ಅಲ್ಲೊಂದು ಉತ್ತರವಿದೆ.

ಬಿ.ಎಂ. ಶ್ರೀಕಂಠಯ್ಯನವರು 1884ರ ಜನವರಿ 3ರಂದು ಹುಟ್ಟಿದ್ದು ತೆಂಗಿನ ಸೀಮೆಯ ಈ ಸಂಪಿಗೆಯಲ್ಲಿ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕವಿತೆಗೆ ದಾರಿ ತೆರೆಯಿತು ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದರಲ್ಲಿರುವ ‘ಕರುಣಾಳು ಬಾ ಬೆಳಕೆ’ ಮೂಲದಲ್ಲಿ ಪಾದ್ರಿಯೊಬ್ಬನ ಪ್ರಾರ್ಥನೆ ಎಂಬುದು ಮಾತ್ರ ಹಾಡುವವರ ನೆನಪಿನಿಂದ ಎಷ್ಟೋ ಸಲ ಜಾರಿಹೋಗಿರುತ್ತದೆ. ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಸಿಸಿಲಿಯಲ್ಲಿ ಜ್ವರ ಬಂದು ಮಲಗಿ, ಸಾವಿನ ಹೊಸ್ತಿಲವರೆಗೆ ಹೋಗಿ ಬಂದ. ಊರಿಗೆ ಮರಳಲೆಂದು ಕಿತ್ತಳೆ ಹಣ್ಣು ಹೇರಿದ ಹಡಗು ಹತ್ತಿ ಪಲೆರ್ಮೊದಿಂದ ಮಾರ್ಸೇಲ್ಸಿಗೆ ಹೊರಟರೆ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿಯೇ ಬಿದ್ದುಹೋಯಿತು. ದಿನಗಟ್ಟಲೆ ಅಲುಗದೆ ನಿಂತ ಹಡಗಿನಲ್ಲಿ, ಮನೆಯಿಂದ ದೂರದಲ್ಲಿ, ಅವನು ಬರೆದ ಸಾಲುಗಳಲ್ಲಿ ಕ್ರಿಸ್ತನ ಹೆಸರೂ ಇಲ್ಲ, ದೇವರೆಂಬ ಪದವೂ ಇಲ್ಲ. ಕತ್ತಲು, ಬೆಳಕು, ಮುಂದಿನ ಒಂದು ಹೆಜ್ಜೆ ಇಷ್ಟೇ ಇವೆ. ನ್ಯೂಮನ್ 1845ರಲ್ಲಿ ಕ್ಯಾಥೊಲಿಕನಾದ, 1879ರಲ್ಲಿ ಕಾರ್ಡಿನಲ್ ಆದ. 2019ರಲ್ಲಿ ರೋಮ್ ಅವನನ್ನು ಸಂತನೆಂದು ಸಾರಿತು. ಗಾಂಧೀಜಿಗೆ ಈ ಹಾಡೆಂದರೆ ಪ್ರಾಣ. ನರಸಿಂಹರಾವ್ ದಿವೇಟಿಯಾ ಅದನ್ನು ಗುಜರಾತಿಗೆ ತಂದರು.

ಬಿಎಂಶ್ರೀ ಅದಕ್ಕೆ ಕೊಟ್ಟ ಕನ್ನಡದ ನಡೆಯನ್ನು ಒಮ್ಮೆ ಬೆರಳೆಣಿಸಿ ನೋಡಬೇಕು. ಐದೈದು ಮಾತ್ರೆಯ ಗಣಗಳು ಒಂದರ ಹಿಂದೊಂದು ಬರುತ್ತವೆ. ಲಲಿತ ರಗಳೆಯ ಕಾಲದಿಂದ ಕನ್ನಡ ಕಿವಿಗೆ ಗುರುತಿರುವ ಹೆಜ್ಜೆ ಅದು. ಮೂಲದಲ್ಲಿ ಉದ್ದ ಸಾಲಿನ ಬೆನ್ನಿಗೆ ಗಿಡ್ಡ ಸಾಲು ಬರುವ ಏರಿಳಿತವನ್ನೂ ಅವರು ಬಿಟ್ಟುಕೊಡಲಿಲ್ಲ. ಅರ್ಥ ಪರದೇಶದ್ದು, ನಡಿಗೆ ಮನೆಯದು. ಶಾಲೆಗಳ ಪ್ರಾರ್ಥನೆಯಲ್ಲಿ, ಸುಗಮ ಸಂಗೀತದ ವೇದಿಕೆಯಲ್ಲಿ ಯಾವ ಜಾತಿ ಮತದವರಾದರೂ ಅದನ್ನು ತಮ್ಮದೆಂದು ಹಾಡುವುದಕ್ಕೆ ಆ ನಡಿಗೆಯೇ ದೊಡ್ಡ ಕಾರಣ. ಮಂಜೇಶ್ವರದ ಗೋವಿಂದ ಪೈಗಳು 1930ರ ದಶಕದಲ್ಲಿ ಕ್ರಿಸ್ತನ ಕಡೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯದಲ್ಲಿ ಚಿತ್ರಿಸಿದರು. ಅದಕ್ಕೂ ಮುಂಚೆ 1862ರಲ್ಲೇ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಯೇಸುವಿನ ಬದುಕನ್ನು ಈ ನೆಲದ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ ಬರೆದಿದ್ದ. ನಿಘಂಟಿನ ಕಿಟೆಲನನ್ನು ನೆನೆಯುವವರು ಹಾಡುಕಟ್ಟಿದ ಕಿಟೆಲನನ್ನೂ ನೆನೆಯಬೇಕು.

ತುರುವೇಕೆರೆಯ ಪಕ್ಕದ ಗುಬ್ಬಿಗೆ ವೆಸ್ಲಿಯನ್ ಮಿಷನರಿಗಳು ಬಂದದ್ದು 1830ರ ದಶಕದಲ್ಲಿ. ಅಲ್ಲಿದ್ದ ವಿಲಿಯಂ ಆರ್ಥರ್ 1847ರಲ್ಲಿ ಮೈಸೂರು ಸೀಮೆಯ ತನ್ನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. ಅದೇ ಗುಬ್ಬಿಯಲ್ಲಿ, ಬಿಎಂಶ್ರೀ ಹುಟ್ಟಿದ ವರ್ಷವೇ, ಚನ್ನಬಸವೇಶ್ವರ ನಾಟಕ ಮಂಡಳಿ ಹುಟ್ಟಿತು. ಈ ಭಾಗದಲ್ಲಿ ಹಾಡಿನ ಮಟ್ಟು ಯಾರೊಬ್ಬರ ಸ್ವತ್ತೂ ಅಲ್ಲ. ನಾಟಕದ ಮಟ್ಟಿಗೆ ಭಜನೆಯ ಮಾತು, ಸಿನಿಮಾದ ಮಟ್ಟಿಗೆ ದೇವರ ನಾಮ ಕೂಡಿಸಿ ಹಾಡುವುದನ್ನು ಭಜನೆ ಮನೆಯಲ್ಲಿ ಕುಳಿತವರೆಲ್ಲ ಕೇಳಿದ್ದಾರೆ. ಊರಹಬ್ಬದಲ್ಲಿ ಅರೆ, ಮೌರಿ ವಾದ್ಯಗಳ ಅಬ್ಬರಕ್ಕೆ ಕೆಂಪು ಹಳದಿ ಮುಖವಾಡದ ಸೋಮಗಳು ಕುಣಿಯುವಾಗ, ಈ ಬಡಿತ ದೇವರದೋ ಲೋಕದ್ದೋ ಎಂದು ಯಾರೂ ಕೇಳುವುದಿಲ್ಲ. ಅಮೆರಿಕದ ಚರ್ಚುಗಳಲ್ಲಿ ರಾಕ್ ಸಂಗೀತದ ಬಗ್ಗೆ ನಡೆದ ಜಗಳವೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆಯಿತು.

ಆ ಜಗಳಕ್ಕೆ ರಾಕ್‌ಗಿಂತ ಹೆಚ್ಚು ವಯಸ್ಸು. ಥಾಮಸ್ ಎ. ಡಾರ್ಸಿ 1920ರ ದಶಕದಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್ ಪಿಯಾನೊ ನುಡಿಸುತ್ತಿದ್ದ. ಗಾಯಕಿ ಮಾ ರೇನಿಯ ತಂಡದಲ್ಲಿದ್ದವನು. 1928ರಲ್ಲಿ ಅವನ ಪೋಲಿ ಹಾಡೊಂದು ಭಾರಿ ಜನಪ್ರಿಯವಾಗಿತ್ತು. 1932ರ ಆಗಸ್ಟಿನಲ್ಲಿ ಅವನು ಸೇಂಟ್ ಲೂಯಿಸ್‌ನಲ್ಲಿ ಹಾಡಲು ಹೋಗಿದ್ದಾಗ ಷಿಕಾಗೊದಿಂದ ಸುದ್ದಿ ಬಂತು: ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಡಾರ್ಸಿ ಕಟ್ಟಿದ್ದು ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’. ದಣಿದವನೊಬ್ಬ ಕತ್ತಲಲ್ಲಿ ಕೈ ಚಾಚಿ, ಹಿಡಿದು ನಡೆಸೆಂದು ಬೇಡುವ ಹಾಡು. ನ್ಯೂಮನ್ನನ ಹಡಗಿಗೂ ಡಾರ್ಸಿಯ ಷಿಕಾಗೊಗೂ ನಡುವೆ ನೂರು ವರ್ಷ, ಒಂದು ಸಮುದ್ರ, ಬೇಡಿಕೆ ಒಂದೇ. ಬ್ಲೂಸಿನ ವಾಸನೆ ಹೊಡೆಯುತ್ತದೆಂದು ಡಾರ್ಸಿಯ ಹಾಡುಗಳನ್ನು ಹಲವು ಚರ್ಚುಗಳು ಮೊದಲು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಮೇಲೆ ಅದೇ ‘ಗಾಸ್ಪೆಲ್’ ಸಂಗೀತವೆಂಬ ಹೆಸರಿನ ದೊಡ್ಡ ಪರಂಪರೆಯಾಯಿತು. ಈ ಹಾಡು ಮಾರ್ಟಿನ್ ಲೂಥರ್ ಕಿಂಗ್‌ಗೆ ಅಚ್ಚುಮೆಚ್ಚು. 1968ರಲ್ಲಿ ಅವರ ಅಂತ್ಯಕ್ರಿಯೆಯಲ್ಲಿ ಮಹೇಲಿಯಾ ಜಾಕ್ಸನ್ ಅದನ್ನು ಹಾಡಿದಳು.

ರಾಕ್ ಹುಟ್ಟಿದ್ದೇ ಈ ಗಾಸ್ಪೆಲಿನ ಮಡಿಲಲ್ಲಿ. ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೇರಿಸಿ ದೇವರ ಹಾಡು ಹಾಡಿದ ಸಿಸ್ಟರ್ ರೊಸೆಟ್ಟಾ ಥಾರ್ಪಳನ್ನು ಮುಂದಿನ ತಲೆಮಾರಿನ ಹಲವು ರಾಕ್ ಗಾಯಕರು ಗುರುವೆಂದು ನೆನೆದರು. ರೇ ಚಾರ್ಲ್ಸ್ 1954ರಲ್ಲಿ ಚರ್ಚಿನ ಹಾಡಿನ ಅಚ್ಚಿನಲ್ಲೇ ಪ್ರೇಮಗೀತೆ ಹೊಯ್ದ. ಸ್ಯಾಮ್ ಕುಕ್ 1957ರಲ್ಲಿ ಗಾಸ್ಪೆಲ್ ತಂಡ ಬಿಟ್ಟು ಪಾಪ್ ಸಂಗೀತಕ್ಕೆ ಬಂದ. ಅದೇ ವರ್ಷ ಲಿಟ್ಲ್ ರಿಚರ್ಡ್ ಎದುರು ದಿಕ್ಕಿನಲ್ಲಿ ನಡೆದ. ಆಸ್ಟ್ರೇಲಿಯಾದ ಪ್ರವಾಸದ ನಡುವೆ, ಕೀರ್ತಿಯ ತುದಿಯಲ್ಲಿದ್ದಾಗ, ರಾಕ್ ಬಿಟ್ಟೆನೆಂದು ಸಾರಿದ. ಬೆರಳಿನ ಉಂಗುರಗಳನ್ನು ತೆಗೆದು ನೀರಿಗೆ ಎಸೆದನೆಂಬ ಕಥೆ ಪ್ರಸಿದ್ಧ. ಅಲಬಾಮಾದ ಓಕ್‌ವುಡ್ ಕಾಲೇಜಿನಲ್ಲಿ ದೇವಶಾಸ್ತ್ರ ಓದಿದ, ಗಾಸ್ಪೆಲ್ ಹಾಡಿದ. 1962ರಲ್ಲಿ ಮತ್ತೆ ರಾಕ್ ವೇದಿಕೆ ಹತ್ತಿದ. ಆಮೇಲೂ ಬದುಕಿನುದ್ದಕ್ಕೂ ಎರಡರ ನಡುವೆ ತುಯ್ದಾಡಿದ. ಅವನ ಪಾಲಿಗೆ ರಾಕ್ ಪಾಪ, ಗಾಸ್ಪೆಲ್ ಪುಣ್ಯ. ಎರಡನ್ನೂ ಒಂದೇ ಹಾಡಿನಲ್ಲಿ ಕೂಡಿಸಬಹುದೆಂಬ ದಾರಿ ಅವನಿಗೆ ಕಾಣಲಿಲ್ಲ. ಆ ಒದ್ದಾಟವನ್ನು ನೆನೆದರೆ ಸಂಕಟವಾಗುತ್ತದೆ.

ಕೂಡಿಸುವ ಧೈರ್ಯ ತೋರಿದ್ದು ಕ್ಯಾಲಿಫೋರ್ನಿಯಾದ ಲ್ಯಾರಿ ನಾರ್ಮನ್. 1969ರಲ್ಲಿ ಕ್ಯಾಪಿಟಲ್ ಕಂಪನಿ ಹೊರತಂದ ಅವನ ‘ಅಪಾನ್ ದಿಸ್ ರಾಕ್’ ಕ್ರಿಶ್ಚಿಯನ್ ರಾಕ್‌ನ ಮೊದಲ ಆಲ್ಬಮ್ ಎನ್ನಿಸಿಕೊಂಡಿದೆ. ಉದ್ದಗೂದಲು, ಹರಿದ ಜೀನ್ಸ್, ಎದೆಯಲ್ಲಿ ಬೈಬಲ್ ಹೊತ್ತ ಹಿಪ್ಪಿಗಳ ‘ಜೀಸಸ್ ಮೂವ್‌ಮೆಂಟ್’ ಆಗ ಕ್ಯಾಲಿಫೋರ್ನಿಯಾದ ಕಡಲತೀರಗಳಲ್ಲಿ ಹಬ್ಬುತ್ತಿತ್ತು. 1971ರಲ್ಲಿ ಟೈಮ್ ಪತ್ರಿಕೆ ಅದನ್ನು ಮುಖಪುಟಕ್ಕೆ ತಂದಿತು. ಯುದ್ಧವಿರೋಧಿ ಹಾಡು ‘ಈವ್ ಆಫ್ ಡಿಸ್ಟ್ರಕ್ಷನ್’ನಿಂದ 1965ರಲ್ಲಿ ಮನೆಮಾತಾಗಿದ್ದ ಬ್ಯಾರಿ ಮೆಗ್ವೈರ್ ಈ ಅಲೆಯಲ್ಲಿ ಕ್ರೈಸ್ತ ಹಾಡುಗಾರನಾದ. ಇದೇ ಕಾಲದಲ್ಲಿ ಜಾರ್ಜ್ ಹ್ಯಾರಿಸನ್ ಕೃಷ್ಣಭಕ್ತಿಗೆ ಒಲಿದು ‘ಮೈ ಸ್ವೀಟ್ ಲಾರ್ಡ್’ ಹಾಡಿದ. 1977ರಲ್ಲಿ ಕ್ಯಾಟ್ ಸ್ಟೀವನ್ಸ್ ಇಸ್ಲಾಮಿಗೆ ಸೇರಿ ಗಿಟಾರನ್ನು ಬಹುಕಾಲ ಮೂಲೆಗಿಟ್ಟ. ದೊಡ್ಡ ಸದ್ದಿನ ಬದುಕು ಬದುಕಿದವರಿಗೆ ಒಳಗೊಂದು ಮೌನ ಬೇಕಾಗಿತ್ತು.

ಬಾಬ್ ಡಿಲನ್ ಈ ಸಾಲಿಗೆ ಸೇರುತ್ತಾನೆಂದು ಯಾರೂ ಎಣಿಸಿರಲಿಲ್ಲ. 1941ರಲ್ಲಿ ಮಿನ್ನೆಸೋಟಾದ ಯಹೂದಿ ಮನೆಯಲ್ಲಿ ಹುಟ್ಟಿದವನು. 1960ರ ದಶಕದ ಪ್ರತಿಭಟನೆಯ ದನಿ. ಯಾರ ಹಿಂಬಾಲಕನೂ ಆಗೆನೆಂದು ಹಟ ಹಿಡಿದವನು. ಬೈಬಲ್ ಅವನ ಹಾಡುಗಳಲ್ಲಿ ಮೊದಲಿನಿಂದಲೂ ಇತ್ತು, 1967ರ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಮಿನಲ್ಲಂತೂ ಹಾಡುಹಾಡಿನಲ್ಲೂ ಇತ್ತು ಎನ್ನಬಹುದು. ಆದರೆ ಅದು ಕವಿಯ ಉಗ್ರಾಣದ ಬೈಬಲ್. 1977ರಲ್ಲಿ ಮದುವೆ ಮುರಿಯಿತು. 1978ರಲ್ಲಿ ನೂರಕ್ಕೂ ಹೆಚ್ಚು ಕಛೇರಿಗಳ ಲೋಕಪ್ರವಾಸ ಅವನನ್ನು ಹಿಂಡಿಹಾಕಿತು. ಆ ನವೆಂಬರಿನಲ್ಲಿ ಸ್ಯಾನ್ ಡಿಯಾಗೊದ ವೇದಿಕೆಗೆ ಯಾರೋ ಒಂದು ಸಣ್ಣ ಬೆಳ್ಳಿ ಶಿಲುಬೆ ಎಸೆದರು. ಸಾಮಾನ್ಯವಾಗಿ ಅಂಥದ್ದನ್ನು ಎತ್ತಿಕೊಳ್ಳದ ಡಿಲನ್ ಬಗ್ಗಿ ಅದನ್ನೆತ್ತಿ ಜೇಬಿಗೆ ಹಾಕಿಕೊಂಡ. ಮುಂದೆ ಅರಿಜೋನಾದ ಹೋಟೆಲ್ ಕೋಣೆಯಲ್ಲಿ ಕ್ರಿಸ್ತನ ಸಾನ್ನಿಧ್ಯ ಮೈಗೆ ತಾಗುವಷ್ಟು ನಿಜವಾಗಿ ಅನುಭವಕ್ಕೆ ಬಂತೆಂದು ತಾನೇ ಹೇಳಿಕೊಂಡ. 1979ರ ಆರಂಭದಲ್ಲಿ ಲಾಸ್ ಏಂಜಲೀಸ್ ಬಳಿಯ ವಿನ್ಯಾರ್ಡ್ ಫೆಲೋಶಿಪ್‌ನಲ್ಲಿ ತಿಂಗಳುಗಟ್ಟಲೆ ಬೈಬಲ್ ಪಾಠಕ್ಕೆ ಕುಳಿತ.

ಹಾಡುಗಳು ಭೋರ್ಗರೆದು ಬಂದವು. ‘ಸ್ಲೋ ಟ್ರೇನ್ ಕಮಿಂಗ್’ ಧ್ವನಿಮುದ್ರಣವಾದದ್ದು ಅಲಬಾಮಾದ ಮಸಲ್ ಶೋಲ್ಸ್ ಸ್ಟುಡಿಯೊದಲ್ಲಿ. ನಿರ್ಮಾಣ ಜೆರಿ ವೆಕ್ಸ್ಲರ್ ಮತ್ತು ಬ್ಯಾರಿ ಬೆಕೆಟ್ ಅವರದು, ಗಿಟಾರ್ ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಪ್ಲರ್‌ನದು. ವೆಕ್ಸ್ಲರ್ ದೇವರನ್ನು ನಂಬದ ಯಹೂದಿ. ಡಿಲನ್ ಅವನಿಗೂ ಸುವಾರ್ತೆ ಹೇಳಲು ಹೊರಟಾಗ, ತನ್ನನ್ನು ತಿದ್ದಲಾಗದು, ಹಾಡು ಮಾಡೋಣ ಎಂದು ಪಕ್ಕಕ್ಕೆ ಸರಿಸಿದ. 1979ರ ಆಗಸ್ಟಿನಲ್ಲಿ ಬಂದ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ‘ಗಾಟ ಸರ್ವ್ ಸಮ್‌ಬಡಿ’ ಹಾಡಿಗೆ ಗ್ರ್ಯಾಮಿ ಬಂತು. ಎಷ್ಟು ದೊಡ್ಡವನಾದರೂ ಒಬ್ಬರಲ್ಲ ಒಬ್ಬರ ಊಳಿಗ ಮಾಡಲೇಬೇಕು ಎಂಬ ಆ ಹಾಡಿನ ಹುರುಳು ದಾಸಪದ ಕೇಳಿ ಬೆಳೆದವರಿಗೆ ಹೊಸದೆನಿಸುವುದಿಲ್ಲ. ಜಾನ್ ಲೆನನ್‌ಗೆ ಅದು ರೇಗಿತು; ಉತ್ತರವಾಗಿ ‘ಸರ್ವ್ ಯುವರ್‌ಸೆಲ್ಫ್’ ಎಂಬ ಹಾಡನ್ನು ಮನೆಯಲ್ಲೇ ಹಾಡಿ ಮುದ್ರಿಸಿಟ್ಟ.

ನಿಜವಾದ ಪರೀಕ್ಷೆ ನಡೆದದ್ದು ವೇದಿಕೆಯ ಮೇಲೆ. 1979ರ ನವೆಂಬರ್ 1ರಿಂದ ಸ್ಯಾನ್ ಫ್ರಾನ್ಸಿಸ್ಕೊದ ವಾರ್‌ಫೀಲ್ಡ್ ಥಿಯೇಟರಿನಲ್ಲಿ 14 ಕಛೇರಿಗಳು. ಹಳೆಯ ಹಾಡು ಒಂದೂ ಇಲ್ಲ. ಜನ ಕೂಗಿದರು, ಕೆಲವರು ಎದ್ದು ಹೋದರು. ಡಿಲನ್ ಹಾಡಿನ ನಡುವೆ ನಿಂತು ಅಂತ್ಯಕಾಲ ಬಂತೆಂದು ಉಪದೇಶ ಮಾಡಿದ. ವಿನ್ಯಾರ್ಡ್ ವಲಯದಲ್ಲಿ ಆಗ ಹಾಲ್ ಲಿಂಡ್ಸೆಯ ಪ್ರಳಯಭವಿಷ್ಯದ ಪುಸ್ತಕ ಎಲ್ಲರ ಕೈಯಲ್ಲಿತ್ತು. ಅದರ ಗುಡುಗು ಈ ಹಾಡುಗಳಲ್ಲೂ ಕೇಳಿಸುತ್ತದೆ. 1980ರ ‘ಸೇವ್ಡ್’ ಆಲ್ಬಮ್ 24ನೇ ಸ್ಥಾನದಲ್ಲೇ ನಿಂತಿತು. ಆದರೂ ಆ ಕಛೇರಿಗಳ ಧ್ವನಿಮುದ್ರಣಗಳು 2017ರಲ್ಲಿ ‘ಟ್ರಬಲ್ ನೋ ಮೋರ್’ ಹೆಸರಿನಲ್ಲಿ ಹೊರಬಂದಾಗ ಹಲವರು ತಮ್ಮ ಹಳೆಯ ತೀರ್ಪನ್ನು ಬದಲಿಸಿಕೊಂಡರು. ಬೆನ್ನಿಗೆ ನಿಂತು ಹಾಡಿದ ಕಪ್ಪು ಗಾಯಕಿಯರ ದನಿ, ಚರ್ಚಿನ ಆರ್ಗನ್, ಒಂದು ಸ್ವರವನ್ನೂ ಸಡಿಲ ಬಿಡದ ಡಿಲನ್‌ನ ಕಂಠ. ಅವನು ಅಷ್ಟು ಮನಸಾರೆ ಹಾಡಿದ ಕಾಲ ಇನ್ನೊಂದಿಲ್ಲ. ಎದ್ದು ಹೋದವರು ಏನನ್ನು ಕಳೆದುಕೊಂಡರು ಎಂಬುದು ಈಗ ಕೇಳಿದರೆ ತಿಳಿಯುತ್ತದೆ.

ಹಾಗೆಂದು ಆ ಹಾಡುಗಳೆಲ್ಲ ಒಂದೇ ತೂಕದವಲ್ಲ. ತಿಪಟೂರಿನ ಕಡೆ ಕಾಯಿಯನ್ನು ಕೊಯ್ದ ಕೂಡಲೇ ಕೊಬ್ಬರಿ ಮಾಡುವುದಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ತಾನಾಗಿ ಬಿಡಬೇಕು. ಕುಲುಕಿದರೆ ಗಿಟುಕು ಒಳಗೆ ಉರುಳಾಡುವ ಸದ್ದು ಬಂದಾಗಲೇ ಸುಲಿಯುವ ಕಾಲ. ‘ಸೇವ್ಡ್’ನ ಹಲವು ಹಾಡುಗಳು ಹಸಿ ಕಾಯಿ. ಪಾಠದಲ್ಲಿ ಕೇಳಿದ ಮಾತು ಹಾಗೆಹಾಗೆಯೇ ಪದವಾಗಿದೆ, ಕೇಳುವವರತ್ತ ಬೆರಳು ಚಾಚಿದೆ. 1981ರ ‘ಶಾಟ್ ಆಫ್ ಲವ್’ ಆಲ್ಬಮಿನ ಕೊನೆಗೆ ಬರುವ ‘ಎವ್ರಿ ಗ್ರೇನ್ ಆಫ್ ಸ್ಯಾಂಡ್’ ಹಾಗಲ್ಲ. ಅಲ್ಲಿ ಬೆರಳು ತನ್ನತ್ತಲೇ ತಿರುಗಿದೆ. ತಪ್ಪೊಪ್ಪಿಕೊಳ್ಳುವ ಹೊತ್ತಿನಲ್ಲಿ ನಿಂತವನು ಮರಳಿನ ಕಣಕಣದಲ್ಲೂ ಒಡೆಯನ ಕೈ ಕಾಣುತ್ತಾನೆ, ಹಿಂದೆ ಹೆಜ್ಜೆ ಸದ್ದು ಕೇಳಿದಂತಾಗಿ ತಿರುಗಿದರೆ ಕೆಲವೊಮ್ಮೆ ಯಾರೋ ಇರುತ್ತಾರೆ, ಕೆಲವೊಮ್ಮೆ ತಾನೊಬ್ಬನೇ. ನಂಬಿಕೆ ಮತ್ತು ಅನುಮಾನ ಒಂದೇ ಉಸಿರಿನಲ್ಲಿರುವ ಈ ಹಾಡು ನ್ಯೂಮನ್ನನ ಪ್ರಾರ್ಥನೆಯ ಹತ್ತಿರದ ನಂಟು. ಡಿಲನ್‌ನ ಕ್ರೈಸ್ತ ಹಾಡುಗಳಲ್ಲಿ ಒಂದನ್ನೇ ಕೇಳಲು ಸಮಯವಿರುವವರು ಇದನ್ನು ಕೇಳಬೇಕು.

1983ರ ‘ಇನ್ಫಿಡೆಲ್ಸ್’ ಆಲ್ಬಮಿನ ಹೊತ್ತಿಗೆ ಉಪದೇಶದ ದನಿ ತಗ್ಗಿತು, ಬೈಬಲ್ ಮಾತ್ರ ಹಾಡಿನಲ್ಲಿ ಉಳಿಯಿತು. 2003ರಲ್ಲಿ ಶರ್ಲಿ ಸೀಸರ್ ಮೊದಲಾದ ಗಾಸ್ಪೆಲ್ ಗಾಯಕರು ಡಿಲನ್‌ನ ಈ ಹಾಡುಗಳದ್ದೇ ಒಂದು ಆಲ್ಬಮ್ ಮಾಡಿದರು. ಡಿಲನ್ ತಾನೂ ಮೇವಿಸ್ ಸ್ಟೇಪಲ್ಸ್ ಜೊತೆ ಒಂದು ಹಾಡು ಹಾಡಿದ. ಕಪ್ಪು ಜನರ ಚರ್ಚಿನಿಂದ ಕಡ ತಂದ ನಾದ ಹೀಗೆ ಅವರ ಕಂಠಕ್ಕೇ ಮರಳಿತು. 2009ರ ಕ್ರಿಸ್‌ಮಸ್ ಆಲ್ಬಮಿನ ಗಳಿಕೆ ಹಸಿದವರ ಊಟಕ್ಕೆ ಹೋಯಿತು. 2016ರಲ್ಲಿ ನೊಬೆಲ್ ಬಂತು.

ಡಿಲನ್ ನಂತರ ಈ ದಾರಿ ಹಲವು ಕವಲಾಯಿತು. ಐರ್ಲೆಂಡಿನ ಯು2 ತಂಡ 1983ರಲ್ಲಿ ಬೈಬಲಿನ 40ನೇ ಕೀರ್ತನೆಯನ್ನು ಹಾಡಾಗಿಸಿತು. ಕಛೇರಿ ಮುಗಿದು ವಾದಕರು ಒಬ್ಬೊಬ್ಬರಾಗಿ ಇಳಿದುಹೋದರೂ ಸಭೆ ಅದನ್ನು ಹಾಡುತ್ತಲೇ ಇರುತ್ತಿತ್ತು. ಕನ್ನಡ ಬೈಬಲಿನಲ್ಲಿ ದಾವೀದನ ಈ ಹಾಡುಗಳಿಗೆ ‘ಕೀರ್ತನೆಗಳು’ ಎಂದೇ ಹೆಸರು. ಪುರಂದರದಾಸರ ಪದಗಳಿಗೂ ಯೆರೂಸಲೇಮಿನ ಅರಸನ ಪದಗಳಿಗೂ ಒಂದೇ ಮಾತನ್ನು ಆರಿಸಿದ ಅನುವಾದಕರ ಕಿವಿಯನ್ನು ಮೆಚ್ಚಬೇಕು. ಸ್ಟ್ರೈಪರ್ ಎಂಬ ಹೆವಿ ಮೆಟಲ್ ತಂಡ ಸಭೆಯತ್ತ ಬೈಬಲ್ ಪ್ರತಿಗಳನ್ನು ಎಸೆಯುತ್ತಿತ್ತು. ಕಾರ್ನ್ ತಂಡದ ಗಿಟಾರ್ ವಾದಕ ಬ್ರಯಾನ್ ವೆಲ್ಚ್ 2005ರಲ್ಲಿ ಕ್ರೈಸ್ತನಾಗಿ ತಂಡ ಬಿಟ್ಟ, ಎಂಟು ವರ್ಷದ ಮೇಲೆ ನಂಬಿಕೆಯನ್ನು ಬಿಡದೆಯೇ ಅದೇ ತಂಡಕ್ಕೆ ಮರಳಿದ. ಲಿಟ್ಲ್ ರಿಚರ್ಡ್‌ಗೆ ಸಿಗದ ಸಮಾಧಾನ ಅವನಿಗೆ ಸಿಕ್ಕಿತು. ಇವರೆಲ್ಲ ಎರಡೂ ಕಡೆಯಿಂದ ಪೆಟ್ಟು ತಿಂದವರು: ರಾಕ್ ಅಭಿಮಾನಿಗಳಿಗೆ ಉಪದೇಶ ಬೇಡ, ಚರ್ಚಿನ ಹಿರಿಯರಿಗೆ ಡ್ರಮ್ಮಿನ ಬಡಿತ ಬೇಡ.

ಭಾರತದಲ್ಲಿ ಇಂಥ ಹೊರಳುವಿಕೆಯ ಹೆಸರಾಂತ ಉದಾಹರಣೆ ಎ.ಆರ್. ರೆಹಮಾನ್ ಅವರದು, ಅದು ಸೂಫಿ ದಾರಿಯದು. ಚೆನ್ನೈನ ರಾಕ್ ತಂಡಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗ ಇಸ್ಲಾಮಿಗೆ ಬಂದು, 2008ರ ‘ಜೋಧಾ ಅಕ್ಬರ್’ನಲ್ಲಿ ಅಜ್ಮೀರದ ಖ್ವಾಜಾನಿಗೆ ಹಾಡು ಕಟ್ಟಿದರು. ಕರ್ನಾಟಕದಲ್ಲಿ ಕ್ರೈಸ್ತ ಸಂಗೀತ ಬೇರೆ ಬಗೆಯಲ್ಲಿ ಬೆಳೆಯಿತು. ಎರಡನೇ ವ್ಯಾಟಿಕನ್ ಸಭೆ 1960ರ ದಶಕದಲ್ಲಿ ಜನಭಾಷೆಯ ಪೂಜೆಗೆ ಬಾಗಿಲು ತೆರೆದ ಮೇಲೆ, 1967ರಲ್ಲಿ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್‌ಪವದಾಸ್ ಪಾದ್ರಿಗಳು ಕಟ್ಟಿದ, ಬೈಬಲ್ ಬೋಧನೆ ಮತ್ತು ಆರಾಧನೆಯ ಕೇಂದ್ರವಾದ ಎನ್‌ಬಿಸಿಎಲ್‌ಸಿ ಚರ್ಚಿನ ಒಳಗೆ ಭಜನೆಗೆ ಜಾಗ ಮಾಡಿಕೊಟ್ಟಿತು. ಬೆಂಗಳೂರಿನ ಗಿಟಾರ್ ವಾದಕ ಬೆನ್ನಿ ಪ್ರಸಾದ್, ಗಿಟಾರಿನ ಮೈಗೆ ಬೊಂಗೊ ಡ್ರಮ್ ಕೂಡಿಸಿದ ‘ಬೆಂಟಾರ್’ ಹೊತ್ತು ಗಾಸ್ಪೆಲ್ ನುಡಿಸುತ್ತ ದೇಶದೇಶಗಳನ್ನು ಸುತ್ತಿದರು.

ಕನ್ನಡ ರಾಕ್‌ಗೆ ಬಂದರೆ, ನಂಬಿಕೆಯ ಹಾಡು ಹುಡುಕಿದವರಿಗೆ ಸಿಕ್ಕವನು ಶಿಶುನಾಳ ಶರೀಫ. 1819ರಲ್ಲಿ ಹುಟ್ಟಿದ ಮುಸಲ್ಮಾನ, ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯ. ಸಿ. ಅಶ್ವಥ್ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಅವನ ಪದಗಳನ್ನು ಮನೆಮನೆಗೆ ತಲುಪಿಸಿದರು. ಮೈಸೂರಿನ ‘ಅಂತರಾಗ್ನಿ’ ತಂಡದಿಂದ ಬಂದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಪದಗಳಿಗೆ ಎಲೆಕ್ಟ್ರಿಕ್ ಗಿಟಾರ್ ಜೋಡಿಸಿದರು. ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಬ್ರಿಟನ್ನಿನ ಸಂಗೀತ ಮೇಳಗಳಲ್ಲಿ ಅವನ್ನು ಹಾಡಿದರು. ಡಿಲನ್‌ನಂತೆ ಅವರು ಹಳೆಯ ಹಾಡುಗಳನ್ನು ಬಿಡಬೇಕಾಗಿ ಬರಲಿಲ್ಲ, ಸಭೆಯೂ ಕೂಗಲಿಲ್ಲ. ಪ್ರೇಮದ ಹಾಡಿನ ಪಕ್ಕದಲ್ಲೇ ತತ್ವಪದ ಕುಳಿತಿತು. ಮಾಳಿಗೆ ಸೋರುವ ಕಷ್ಟವನ್ನು ಶರೀಫ ಅಜ್ಞಾನದ ರೂಪಕ ಮಾಡಿದ್ದು ಲಂಡನ್ನಿನ ಕೇಳುಗರಿಗೆ ತಿಳಿಯದಿರಬಹುದು. ತಾಳ ತಿಳಿಯಿತು, ಅವರೂ ಕುಣಿದರು.